ಹುಲ್ಲಿನಲ್ಲಿ ಸಿಕ್ಕ ಕಣ್ಣುಗಳು

ಲೊರ್ಕನ್ ಬಾಗಿಲು ತಟ್ಟಿದ್ದು ಕೈಯಿಂದಲ್ಲ, ಬೂಟಿನ ತುದಿಯಿಂದ. ಎರಡೂ ಕೈಯಲ್ಲಿ ಸಲಿಕೆ ಹಿಡಿದಿದ್ದ. ಸಲಿಕೆಯ ಮೇಲೆ ಒಂದಿಷ್ಟು ಒಣಹುಲ್ಲು, ಹುಲ್ಲಿನ ಮೇಲೆ ಮೂರು ಮೊಟ್ಟೆ.

ಬಾಗಿಲು ತೆರೆದ ನೂಲಾ ಮೊದಲು ಅವನನ್ನು ನೋಡಿದಳು. ಆಮೇಲೆ ಮೊಟ್ಟೆಗಳನ್ನು ನೋಡಿದಳು. ಆಮೇಲೆ ಇನ್ನೆಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕೈಯಲ್ಲಿದ್ದ ಕುಂಚವನ್ನೇ ನೋಡುತ್ತ ನಿಂತಳು. ಮೂರೂ ಅವಳವೇ. ಒಂದೊಂದರ ಮೇಲೂ ಕಪ್ಪು ಶಾಯಿಯಲ್ಲಿ ಬಿಡಿಸಿದ ಒಂದು ಜೊತೆ ಕಣ್ಣು.

“ನಮ್ಮ ಹುಲ್ಲಿನ ಕೊಟ್ಟಿಗೇಲಿ ಸಿಕ್ತು,” ಅಂದ ಅವನು.

“ಕೈಯಲ್ಲಿ ಮುಟ್ಟಿದ್ಯಾ?” ಎಂದು ಅವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

“ಇಲ್ಲ. ಅದಕ್ಕೇ ಅಲ್ವಾ ಸಲಿಕೆ?”

ಡ್ರಮ್‌ಕೀಲ್ ಊರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಹುಲ್ಲಿನಲ್ಲಿ ಮೊಟ್ಟೆ ಸಿಕ್ಕಿದರೆ ಅದು ಮಾಟ. ಯಾರೋ ನಿಮ್ಮ ಹಾಲು, ಬೆಣ್ಣೆ, ನಿಮ್ಮ ಮನೆಯ ಅದೃಷ್ಟವನ್ನೆಲ್ಲ ತಮ್ಮ ಮನೆಗೆ ಎಳೆದುಕೊಳ್ಳಲು ಬಚ್ಚಿಟ್ಟದ್ದು. ನೂಲಾ ಚಿಕ್ಕವಳಿದ್ದಾಗ ಅವಳ ಅಪ್ಪನಿಗೂ ಹೀಗೇ ಒಂದು ಮೊಟ್ಟೆ ಸಿಕ್ಕಿತ್ತು. ಆ ಒಂದು ಮೊಟ್ಟೆಗಾಗಿ ಅಪ್ಪ ಇಡೀ ಬಣವೆಗೆ ಬೆಂಕಿ ಇಟ್ಟದ್ದನ್ನು ಅವಳು ಗೇಟಿನ ಹಿಂದೆ ನಿಂತು ನೋಡಿದ್ದಳು. ಅಮ್ಮ ಅಂದಿನಿಂದ ಪಕ್ಕದ ಮನೆಯ ಟೀ ಕುಡಿಯಲಿಲ್ಲ. ದೊಡ್ಡವಳಾಗಿ ನಗರದಲ್ಲಿ ಕಲೆ ಕಲಿತು, ಅಲ್ಲಿ ಏನೇನನ್ನೋ ಬಿಡಿಸಿ ಸಾಕಾಗಿ, ಊರಿಗೆ ವಾಪಸು ಬಂದು ಚಿಕ್ಕಪ್ಪನ ಹಾಲು ಕರೆಯುವ ಶೆಡ್ಡಿನಲ್ಲಿ ಕೂತಾಗ ಅವಳ ಕೈ ತಾನಾಗಿಯೇ ಆ ಮೊಟ್ಟೆಯ ಹತ್ತಿರ ಹೋಯಿತು. ಹುಲ್ಲಿನ ಗೂಡುಗಳು, ಗೂಡಿನ ತುಂಬ ಮೊಟ್ಟೆಗಳು, ಮೊಟ್ಟೆಗಳ ಮೇಲೆ ಊರಿನವರ ಕಣ್ಣುಗಳು. ಶುಕ್ರವಾರ ಸ್ಲೈಗೊ ಪಟ್ಟಣದ ಗ್ಯಾಲರಿಯಲ್ಲಿ ಅದರ ಪ್ರದರ್ಶನ.

ಅದರಲ್ಲಿ ಮೂರು ಲೊರ್ಕನ್‌ನ ಕೊಟ್ಟಿಗೆಗೆ ಹೇಗೆ ಹೋದವೋ ಅವಳಿಗೆ ದೇವರಾಣೆ ಗೊತ್ತಿರಲಿಲ್ಲ.

“ಅಮ್ಮ ಹೇಳಿ ಕಳ್ಸಿದ್ದಾಳೆ,” ಅಂದ ಲೊರ್ಕನ್, ಸಲಿಕೆಯನ್ನು ಅವಳ ಮುಖದ ಹತ್ತಿರ ತಂದು. “ಇದನ್ನ ಎದುರಿಗೆ ಹಿಡಿ, ಮಾಡಿದವಳಾದ್ರೆ ಮುಖದ ಬಣ್ಣ ಬದಲಾಗತ್ತೆ ಅಂತ.”

ನೂಲಾಳ ಮುಖ ಕಿವಿಯವರೆಗೂ ಕೆಂಪಾಯಿತು.

“ಅಯ್ಯೋ,” ಅಂದ ಅವನು. “ಅಮ್ಮನ ಮಾತು ನಿಜ ಆಗೋಯ್ತಲ್ಲ.”

“ಒಳಗೆ ಸೆಕೆ.”

“ಏಪ್ರಿಲ್‌ನ ಈ ಚಳೀಲಾ?” ಅವನು ತಲೆ ಬಾಗಿಸಿ ಮೊಟ್ಟೆಗಳನ್ನು ನೋಡಿದ. “ಯಾರ ಕಣ್ಣು ಇವು?”

“ಯಾರದೋ.”

“ಎಡಹುಬ್ಬಿನಲ್ಲಿ ಗಾಯದ ಗುರುತಿದೆ ನೋಡು. ನಮ್ಮ ಮೇಲಿನ ಹೊಲದ ಗೇಟು ಬಡಿದದ್ದು. ಮೂರಕ್ಕೂ ಇದೆ.” ಅವನು ಬಗ್ಗಿ ತನ್ನ ಮುಖವನ್ನು ಮೊಟ್ಟೆಗಳ ಪಕ್ಕಕ್ಕೇ ತಂದಿಟ್ಟ. “ಚಿತ್ರ ಬಿಡಿಸೋಳು ನೀನು. ನೀನೇ ಹೇಳು, ಹೋಲಿಕೆ ಇದ್ಯಾ?”

ಅಷ್ಟು ಹತ್ತಿರದಿಂದ ಅವಳು ಆ ಕಣ್ಣುಗಳನ್ನು ಎಂದೂ ನೋಡಿರಲಿಲ್ಲ. ಎಲ್ಲವೂ ದೂರದಿಂದಲೇ. ಚರ್ಚಿನಲ್ಲಿ ಎರಡು ಬೆಂಚು ಹಿಂದಿನಿಂದ, ದನದ ಸಂತೆಯಲ್ಲಿ ಕಟಕಟೆಯ ಆಚೆಯಿಂದ, ಟ್ರಾಕ್ಟರ್ ಹಾದುಹೋಗುವಾಗ ಕಿಟಕಿಯಿಂದ. ಈಗ ರೆಪ್ಪೆಗೆ ಅಂಟಿದ್ದ ಹುಲ್ಲಿನ ಧೂಳೂ ಕಾಣುತ್ತಿತ್ತು. ಕಪ್ಪು ಶಾಯಿಯಲ್ಲಿ ಆ ಹಸಿರು ಬರಲು ಸಾಧ್ಯವೇ ಇಲ್ಲ ಎಂದು ಅವಳಿಗೆ ಆ ಕ್ಷಣದಲ್ಲೂ ಅನ್ನಿಸಿತು.

“ಊರಲ್ಲಿ ಎಲ್ಲರದೂ ಬಿಡಿಸಿದ್ದೀನಪ್ಪ,” ಅಂದಳು. “ಪೋಸ್ಟ್‌ಮನ್ನಂದು, ಪಾದ್ರಿಗಳದು, ನಿಮ್ಮಮ್ಮಂದು.”

“ಅಮ್ಮಂದು ಎಷ್ಟು?”

“ಒಂದು.”

“ಪಾದ್ರಿಗಳದು?”

“ಒಂದು.”

“ನಂದು?”

ನೂಲಾ ಕುಂಚದ ತುದಿಯನ್ನು ಅಂಗಿಗೆ ಒರೆಸಿದಳು. ಉತ್ತರ ಸಲಿಕೆಯ ಮೇಲೆಯೇ ಇತ್ತು. ಅವನ ತುಟಿಯ ಮೂಲೆ ಸ್ವಲ್ಪ ನಡುಗಿತು, ಅದನ್ನು ಅವಳು ಸಿಟ್ಟು ಅಂದುಕೊಂಡಳು.

“ನಾಳೆ ಬೆಳಿಗ್ಗೆ ಅಮ್ಮ ಇವನ್ನ ಸುಡ್ತಾಳೆ. ಪಾದ್ರಿಗಳಿಗೂ ಫೋನ್ ಮಾಡ್ತಾಳಂತೆ. ಅಷ್ಟರೊಳಗೆ ಏನಾದ್ರೂ ನೆನಪಾದ್ರೆ ಬಾ,” ಎಂದು ಹೇಳಿ, ಮೊಟ್ಟೆ ಉರುಳದಂತೆ ಸಲಿಕೆಯನ್ನು ಹುಷಾರಾಗಿ ಹಿಡಿದುಕೊಂಡು ಹೊಲ ದಾಟಿ ಹೋದ.

ಬಾಗಿಲು ಮುಚ್ಚಿ ನೂಲಾ ನೆಲದ ಮೇಲೇ ಕೂತಳು. ಇಕ್ಕಟ್ಟು ಅಂದರೆ ಇದು. ಬಾಯಿ ಮುಚ್ಚಿಕೊಂಡು ಇದ್ದರೆ ಅವಳು ಮಾಟಗಾತಿ. ಊರಿನ ಒಂದೊಂದೇ ಬಾಗಿಲು ಮುಚ್ಚುತ್ತ ಬರುತ್ತದೆ, ಟೀ ನಿಲ್ಲುತ್ತದೆ, ಅವಳು ಮತ್ತೆ ನಗರಕ್ಕೆ ಓಡಬೇಕಾಗುತ್ತದೆ. ಬಾಯಿ ಬಿಟ್ಟರೆ? ಅಯ್ಯಾ, ಮಾಟವಲ್ಲ, ಸುಮ್ಮನೆ ನಿನ್ನ ಮುಖ ಬಿಡಿಸುತ್ತಿದ್ದೆ, ಬೇರೆಯವರದು ಬಿಡಿಸಲು ಕೂತರೂ ಕೊನೆಗೆ ನಿನ್ನದೇ ಆಗುತ್ತಿತ್ತು ಅನ್ನಬೇಕು. ಅದೂ ಸಲಿಕೆಯ ಮೇಲೆ ತನ್ನ ಮೊಟ್ಟೆಯನ್ನು ಹೊತ್ತುಕೊಂಡು ಬಂದವನಿಗೆ. ಎರಡರಲ್ಲಿ ಯಾವುದು ಹೆಚ್ಚು ಮಾನ ಕಳೆಯುವುದೋ ಅವಳಿಗೆ ಹೊಳೆಯಲಿಲ್ಲ.

ಬೆಳಿಗ್ಗೆ ಲೊರ್ಕನ್‌ನ ಅಮ್ಮ ಪೆಗ್ಗಮ್ಮನ ಮನೆಯ ಕಡೆಯಿಂದ ಹೊಗೆ ಏಳುವುದು ಕಂಡಿತು. ನೂಲಾ ಬಣ್ಣ ಮೆತ್ತಿದ ಅಂಗಿಯಲ್ಲೇ, ಕೋಟನ್ನೂ ಹಾಕಿಕೊಳ್ಳದೆ ಓಡಿದಳು. ಹೊಲದ ಇಬ್ಬನಿಗೆ ಬೂಟೆಲ್ಲ ಒದ್ದೆಯಾಯಿತು. ಪೆಗ್ಗಮ್ಮ ಹೊಸ್ತಿಲಲ್ಲೇ ನಿಂತಿದ್ದರು. ನೂಲಾ ಉಸಿರು ಕೂಡ ತೆಗೆದುಕೊಳ್ಳದೆ ಕೈ ಚಾಚಿದಳು.

“ಪೆಗ್ಗಮ್ಮ, ನನ್ನ ಮೊಟ್ಟೆ ನಂಗೆ ಕೊಟ್ಬಿಡಿ!”

ಪೆಗ್ಗಮ್ಮನ ಮುಖ ಸುಣ್ಣ ಬಳಿದಂತಾಯಿತು. ಆಗ ನೂಲಾಳ ಕಣ್ಣು ಕೆಳಗೆ ಹೋಯಿತು. ಹೊಸ್ತಿಲ ಉದ್ದಕ್ಕೂ ಹಳದಿ ಹೂ ಚೆಲ್ಲಿದ್ದರು. ಅಂಗಳದ ಬಿಳಿ ಹೂವಿನ ಮುಳ್ಳುಗಿಡಕ್ಕೆ ಬಣ್ಣದ ರಿಬ್ಬನ್ ಕಟ್ಟಿದ್ದರು. ಇವತ್ತು ಮೇ ಒಂದು, ಬೇಸಿಗೆ ಶುರುವಾಗುವ ಹಬ್ಬ! ಮಾಟ ಮಾಡಿದವಳು ಮೇ ಒಂದನೇ ತಾರೀಕು ಬೆಳಿಗ್ಗೆ ತಾನಾಗಿ ಬಂದು ಏನಾದರೂ ಕೇಳುತ್ತಾಳೆ, ಕೊಟ್ಟರೆ ಮನೆಯ ಅದೃಷ್ಟ ಅದರ ಹಿಂದೆಯೇ ಹೋಗುತ್ತದೆ ಎಂದು ನೂಲಾಳ ಅಜ್ಜಿಯೇ ಅವಳಿಗೆ ಕಲಿಸಿದ್ದಳು.

“ಬಂದ್ಯಾ?” ಅಂದರು ಪೆಗ್ಗಮ್ಮ, ಸೊಂಟಕ್ಕೆ ಕೈಯಿಟ್ಟು. “ಬರ್ತೀಯ ಅಂತ ನಂಗೆ ಗೊತ್ತಿತ್ತು ಕಣೇ. ಇವತ್ತು ಈ ಮನೆಯಿಂದ ಏನೂ ಹೊರಗೆ ಹೋಗಲ್ಲ. ಉಪ್ಪಿಲ್ಲ, ಹಾಲಿಲ್ಲ, ಒಲೆಯ ಕೆಂಡ ಕೂಡ ಇಲ್ಲ.”

“ಕೇಳೋಕೆ ಬಂದಿಲ್ಲ, ನನ್ನದನ್ನ ವಾಪಸ್ ತಗೊಳ್ಳೋಕೆ…”

“ಅದನ್ನೇ ಕೇಳೋದು ಅನ್ನೋದು!”

“ಅಮ್ಮ, ಒಳಗಾದ್ರೂ ಕರಿ,” ಎಂದು ಒಳಗಿನಿಂದ ಲೊರ್ಕನ್‌ನ ದನಿ ಬಂತು. “ಒಳಗೆ ಬರೋದಕ್ಕೇನೂ ಅಡ್ಡಿ ಇಲ್ವಲ್ಲ.”

ಪೆಗ್ಗಮ್ಮ ಯೋಚಿಸಿದರು. ನಿಜ, ಹೋಗುವುದಕ್ಕಷ್ಟೇ ಅಡ್ಡಿ, ಬರುವುದಕ್ಕಲ್ಲ. ದಾರಿ ಬಿಟ್ಟು, ಮೇಜಿನ ಮೇಲಿನ ದೊಡ್ಡ ಗಾಜಿನ ಜಾಡಿಯನ್ನು ತೆಗೆದು ನೂಲಾಳ ಕೈಗೆ ತುರುಕಿದರು. ಜಾಡಿಯಲ್ಲಿ ಅರ್ಧದವರೆಗೆ ಹಾಲಿನ ಕೆನೆ. ಎಲ್ಲರೂ ಬೆಣ್ಣೆಯನ್ನು ಅಂಗಡಿಯಿಂದ ತಂದರೂ ಮೇ ಒಂದಕ್ಕೆ ಮಾತ್ರ ಪೆಗ್ಗಮ್ಮ ಮನೆಯಲ್ಲೇ ತೆಗೆಯುತ್ತಿದ್ದರು. ಬೆಣ್ಣೆ ತೆಗೆಯುವ ಹೊತ್ತಿಗೆ ಒಳಗೆ ಬಂದವರು ಕೈ ಹಚ್ಚಲೇಬೇಕು.

“ಕುಲುಕು,” ಅಂದರು. “ಮನಸ್ಸಲ್ಲಿ ಕೆಟ್ಟದ್ದಿಟ್ಕೊಂಡು ಬಂದವಳ ಕೈಗೆ ಬೆಣ್ಣೆ ಬರಲ್ಲ. ನೋಡೇ ಬಿಡೋಣ.”

ನೂಲಾ ಕುಲುಕಿದಳು. ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿ ಲೊರ್ಕನ್ ನಿಂತಿದ್ದ. ಅವನ ಕಾಲ ಬಳಿ ಸಲಿಕೆ, ಸಲಿಕೆಯ ಮೇಲೆ ಮೊಟ್ಟೆಗಳು, ಸುಟ್ಟಿರಲಿಲ್ಲ; ಅವಳು ಕಂಡ ಹೊಗೆ ಬರೀ ಒಲೆಯದು. ಅವಳಿಗೆ ಅಷ್ಟರಲ್ಲೇ ಅರ್ಧ ಜೀವ ಬಂತು. ಆದರೆ ಮೇಲಿನಿಂದ ಅವನ ಎರಡು ಕಣ್ಣು, ಕೆಳಗಿನಿಂದ ಅವನವೇ ಮೂರು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು.

ಜಾಡಿಯೊಳಗೆ ಮೊದಲು ಸದ್ದು ಬಂತು, ಆಮೇಲೆ ಕೆನೆ ಗಟ್ಟಿಯಾಗಿ ಸದ್ದೇ ನಿಂತುಹೋಯಿತು. ಎಷ್ಟು ಕುಲುಕಿದರೂ ಒಳಗೆ ಏನೂ ಅಲುಗಲಿಲ್ಲ. ಕೈ ಸೋಲುತ್ತಿತ್ತು. ಪೆಗ್ಗಮ್ಮ ತುಟಿ ಬಿಗಿದು ಫೋನಿನ ಕಡೆ ನೋಡಿದರು.

“ಬರ್ತಾ ಇಲ್ಲ,” ಅಂದರು.

“ಬರತ್ತೆ!” ಅಂದಳು ನೂಲಾ. ಕೂದಲು ಮುಖದ ಮೇಲೆ ಬಿದ್ದಿತ್ತು. “ಕೆನೆ ತಣ್ಣಗಿದೆ, ಅದಕ್ಕೇ. ಪೆಗ್ಗಮ್ಮ, ನಾನು ಮಾಟ ಮಾಡಿಲ್ಲ. ನಮ್ಮಪ್ಪನ ಬಣವೆ ಉರಿದದ್ದು ನೋಡಿದವಳು ನಾನು, ಇನ್ನೊಬ್ಬರ ಮನೆಗೆ ಅದನ್ನ ಮಾಡ್ತೀನಾ?”

“ಹಾಗಾದ್ರೆ ಮೂರು ಮೊಟ್ಟೇಲೂ ನನ್ನ ಮಗನೇ ಯಾಕೆ?”

“ಮೂರಲ್ಲ,” ಅಂದಳು ನೂಲಾ.

ಲೊರ್ಕನ್ ಗೋಡೆ ಬಿಟ್ಟು ನೆಟ್ಟಗೆ ನಿಂತ.

“ಇನ್ನೂ ಒಂದು ಟ್ರೇ ತುಂಬ ಇದೆ. ಬಟ್ಟೆ ಮುಚ್ಚಿಟ್ಟಿದ್ದೀನಿ, ಪ್ರದರ್ಶನಕ್ಕಲ್ಲ ಅದು. ಪೋಸ್ಟ್‌ಮನ್ ಅಂತ ಶುರು ಮಾಡ್ತೀನಿ, ಹುಬ್ಬು ಬರೆಯೋ ಹೊತ್ತಿಗೆ ಇವನಾಗಿರ್ತಾನೆ. ನಾನೇನು ಮಾಡಲಿ? ಟ್ರಾಕ್ಟರ್ ಸದ್ದು ಕೇಳಿದ್ರೆ ಕುಂಚ ಕೆಳಗಿಟ್ಟು ಕಿಟಕಿಗೆ ಓಡ್ತೀನಿ. ದನ ಕೊಳ್ಳೋ ಹಾಗೆ ಸಂತೆಗೆ ಹೋಗ್ತೀನಿ, ನಂಗೆ ಒಂದು ಕರು ಕೂಡ ಇಲ್ಲ! ಇವನಂದ್ರೆ ನಂಗಿಷ್ಟ, ಪೆಗ್ಗಮ್ಮ. ಅಷ್ಟೇ. ಸುಡೋದಾದ್ರೆ ಸುಟ್ಟುಬಿಡಿ.”

ಅವಳು ಕುಲುಕುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಜಾಡಿಯೊಳಗೆ ದೊಪ್ಪನೆ ಏನೋ ಬಿದ್ದ ಸದ್ದಾಯಿತು. ಮತ್ತೆ ಕುಲುಕಿದರೆ ಮತ್ತೆ ದೊಪ್ಪೆಂದಿತು. ತೆಳ್ಳಗಿನ ಮಜ್ಜಿಗೆಯಲ್ಲಿ ಹಳದಿ ಉಂಡೆಯೊಂದು ತೇಲುತ್ತಿತ್ತು.

ಪೆಗ್ಗಮ್ಮ ಜಾಡಿಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದರು. “ಬಂತಲ್ಲೇ,” ಅಂದರು, ಸ್ವಲ್ಪ ಬೇಸರದಿಂದಲೇ.

ಲೊರ್ಕನ್ ಬಗ್ಗಿ ಸಲಿಕೆಯ ಮೇಲಿನ ಒಂದು ಮೊಟ್ಟೆಯನ್ನು ಬರಿಗೈಯಲ್ಲಿ ಎತ್ತಿಕೊಂಡ.

“ಲೋ! ಮುಟ್ಟಬೇಡ ಕಣೋ!” ಎಂದು ಅವನಮ್ಮ ಕಿರುಚಿದರು.

“ಇದನ್ನ ತಂದಿಟ್ಟಿದ್ದು ಮರಬೆಕ್ಕು, ಅಮ್ಮ. ಕತ್ತು ಹಳದಿ ಇರತ್ತಲ್ಲ, ಅದು. ಇವಳ ಶೆಡ್ಡಿನ ಬಾಗಿಲ ಕೆಳಗೆ ಸಂದಿ ಇದೆ. ಹೋದ ವಾರ ಮೊಟ್ಟೆ ಕಚ್ಕೊಂಡು ಗೋಡೆ ಹಾರಿ ನಮ್ಮ ಕೊಟ್ಟಿಗೆಗೆ ಬಂದದ್ದನ್ನ ನಾನೇ ನೋಡಿದೆ. ಆಮೇಲೆ ತಿನ್ನೋಕೆ ಇರಲಿ ಅಂತ ಹುಲ್ಲಲ್ಲಿ ಬಚ್ಚಿಟ್ಟು ಹೋಯ್ತು.”

ಪೆಗ್ಗಮ್ಮ ಎಸೆದ ಪಾತ್ರೆ ಒರೆಸುವ ಬಟ್ಟೆ ಅವನ ಮುಖಕ್ಕೆ ಬಂದು ಬಡಿಯಿತು.

“ನಿನ್ನೆಯಿಂದ ಪ್ರಾರ್ಥನೆ ಮಾಡಿ ಮಾಡಿ ನನ್ನ ಮಂಡಿ ಸವೆದಿದೆ!”

“ನಿಂಗೆ ಗೊತ್ತಿತ್ತಾ?” ಅಂದಳು ನೂಲಾ. ಈ ಸಲ ಮುಖ ಕೆಂಪಾದದ್ದು ನಾಚಿಕೆಗಲ್ಲ. “ಗೊತ್ತಿದ್ದೂ ಸಲಿಕೆ ಹೊತ್ಕೊಂಡು ಬಂದ್ಯಾ? ನನ್ನನ್ನ ಇಲ್ಲಿ ನಿಲ್ಲಿಸಿ, ನಿಮ್ಮಮ್ಮನ ಎದುರಿಗೆ… ಥೂ, ನಿನ್ನ!” ಎಂದು ಬಾಗಿಲ ಕಡೆ ತಿರುಗಿದಳು.

ಅವನು ಅಡ್ಡ ಬಂದ. ಮೊಟ್ಟೆ ಇನ್ನೂ ಅವನ ಅಂಗೈಯಲ್ಲೇ ಇತ್ತು. ನಗು ಪೂರಾ ಹೋಗಿತ್ತು.

“ಮೊದಲನೇದು ಸಿಕ್ಕಾಗ ತಮಾಷೆ ಅನ್ನಿಸ್ತು. ಆ ಸಂದಿ ಮುಚ್ಚೋಣ ಅಂತ ಅವತ್ತೇ ಹಲಗೆ ಕೊಯ್ಸಿದೆ. ಟ್ರಾಕ್ಟರಿನಲ್ಲೇ ಇದೆ, ಬೇಕಾದ್ರೆ ಹೋಗಿ ನೋಡು. ದಿನಾ ನಿನ್ನ ಬಾಗಿಲ ಮುಂದೆ ಗಾಡಿ ನಿಧಾನ ಮಾಡ್ತೀನಿ, ಇಳಿಯೋಕೆ ಧೈರ್ಯ ಬರಲ್ಲ. ಆಮೇಲೆ…” ಅವನು ಗಂಟಲು ಸರಿಮಾಡಿಕೊಂಡ. “ಆಮೇಲೆ ಮುಚ್ಚೋದೇ ಬೇಡ, ಇನ್ನೊಂದು ತರಲಿ ಅನ್ನಿಸ್ತು. ದಿನಾ ಬೆಳಿಗ್ಗೆ ಹೋಗಿ ಹುಲ್ಲು ಕೆದಕ್ತಿದ್ದೆ. ಎರಡನೇದ್ರಲ್ಲೂ ನನ್ನ ಕಣ್ಣೇ. ಮೂರನೇದ್ರಲ್ಲೂ ನನ್ನದೇ. ನಿನ್ನೆ ಅಮ್ಮನ ಕಣ್ಣಿಗೂ ಬಿತ್ತು. ಸರಿ, ನಿನ್ನ ಬಾಗಿಲು ತಟ್ಟೋಕೆ ನಂಗೂ ಒಂದು ನೆಪ ಸಿಕ್ತು. ಇಷ್ಟ ಅಂತ ಬಾಯಿಬಿಟ್ಟು ಹೇಳೋಕೆ ಬರದೇ ಇರೋನು ನಾನೇ, ನೂಲಾ. ನೀನು ಹೇಳಿಬಿಟ್ಟೆ. ನಂಗೂ ಅದೇ. ಬಹಳ ದಿನದಿಂದ.”

ನೂಲಾ ಅವನ ಎಡಹುಬ್ಬನ್ನು ನೋಡಿದಳು. ಬೆರಳೆತ್ತಿ ಆ ಗುರುತನ್ನು ಮುಟ್ಟಿದಳು. ತಾನು ಬರೆದದ್ದಕ್ಕಿಂತ ಅದು ಸ್ವಲ್ಪ ಉದ್ದವಿತ್ತು.

“ಎಲ್ಲವನ್ನೂ ತಪ್ಪು ಬಿಡಿಸಿದ್ದೀನಿ,” ಅಂದಳು ಮೆಲ್ಲಗೆ.

“ಮತ್ತೆ ಬಿಡಿಸು. ನಾನು ಕೂತ್ಕೋತೀನಿ.”

“ಸಾಕು ಸಾಕು, ನಾನಿನ್ನೂ ಇಲ್ಲೇ ಇದ್ದೀನಿ,” ಅಂದರು ಪೆಗ್ಗಮ್ಮ. “ಆ ಮೊಟ್ಟೆಗಳನ್ನ ಏನು ಮಾಡೋದು ಹೇಳಿ.”

“ತಿನ್ನೋದು,” ಅಂದ ಲೊರ್ಕನ್.

ಪೆಗ್ಗಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆದರೂ ದಬ್ಬಳ ಹುಡುಕಿ ಕೊಟ್ಟರು. ನೂಲಾ ಪ್ರತಿ ಮೊಟ್ಟೆಗೂ ಎರಡು ಕಡೆ ತೂತು ಮಾಡಿ ಒಳಗಿನದನ್ನು ಬಟ್ಟಲಿಗೆ ಊದಿದಳು. ಹೊಸ ಬೆಣ್ಣೆ ಬಾಣಲೆಯಲ್ಲಿ ಚುರುಗುಟ್ಟಿತು. ಬ್ರೆಡ್ಡಿನ ದಪ್ಪ ತುಂಡಿನ ಮೇಲೆ ಹಾಕಿಕೊಂಡು ಲೊರ್ಕನ್ ಮೊದಲ ತುತ್ತು ತಿಂದಾಗ ಅವನಮ್ಮ ಅವನು ಬೀಳುತ್ತಾನೇನೋ ಎಂಬಂತೆ ಕುರ್ಚಿ ಹಿಡಿದು ನಿಂತಿದ್ದರು. ಅವನು ಬೀಳಲಿಲ್ಲ. ಉಪ್ಪು ಕಮ್ಮಿ ಅಂದ. ಅವರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಖಾಲಿ ಚಿಪ್ಪುಗಳನ್ನು ದಾರಕ್ಕೆ ಪೋಣಿಸಿ ಅಂಗಳದ ಮುಳ್ಳುಗಿಡಕ್ಕೆ ಕಟ್ಟಿದ್ದೂ ಅವರೇ. ಹುಲ್ಲಿನಲ್ಲಿದ್ದರೆ ಮಾಟ, ಮೇ ಹಬ್ಬದ ಗಿಡದ ಮೇಲಿದ್ದರೆ ಶುಭ ಎಂದು ಸಮಾಧಾನ ಹೇಳಿಕೊಂಡರು.

ಕಿಟಕಿಯಾಚೆ ರಿಬ್ಬನ್‌ಗಳ ನಡುವೆ ಲೊರ್ಕನ್‌ನ ಕಣ್ಣುಗಳು ಗಾಳಿಗೆ ತಿರುಗುತ್ತಿದ್ದವು. ಶುಕ್ರವಾರದ ಪ್ರದರ್ಶನ ನೆನಪಾಗಿ ನೂಲಾ ಧಡಕ್ಕನೆ ಎದ್ದಳು.

“ಅಯ್ಯೋ, ಕೆಲಸ ಬೇಕಾದಷ್ಟಿದೆ, ಹೊರಡ್ತೀನಿ.”

“ಎಲ್ಲಿಗೆ?” ಎಂದು ಪೆಗ್ಗಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬಂದಾಗ ಹೇಳಿದ ಮಾತನ್ನೇ ಮತ್ತೆ ಹೇಳಿದರು, ಆದರೆ ಈ ಸಲ ಒಲೆಯ ಮೇಲಿನ ಟೀ ಕೆಟಲನ್ನು ತೋರಿಸುತ್ತ. “ಇವತ್ತು ಈ ಮನೆಯಿಂದ ಏನೂ ಹೊರಗೆ ಹೋಗಲ್ಲ. ಕೂತ್ಕೋ.”

ಲೊರ್ಕನ್ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆಳೆದ. ನೂಲಾ ಕೂತಳು. ಸೂರ್ಯ ಮುಳುಗಲು ಇನ್ನೂ ಇಡೀ ಹಗಲು ಬಾಕಿ ಇತ್ತು.