ಹಗ್ಗ ಹಿಡಿದವನ ಹೇಳಿಕೆ

ಗುರುವಾರ ಬೆಳಿಗ್ಗೆ 10.20ಕ್ಕೆ ಬಣ್ಣದ ಕೆಲಸಗಾರನ ಹೆಂಡತಿ ಠಾಣೆಗೆ ಬಂದಳು. ಸೋಮವಾರ ಐದನೇ ಮಹಡಿಯ ಹೊರಗೋಡೆಯಿಂದ ಬಿದ್ದು ಅವಳ ಗಂಡ ಸತ್ತಿದ್ದ. ಅವನ ಚೀಲದಲ್ಲಿ ಅರ್ಧ ಖಾಲಿಯಾದ ಬ್ರಾಂದಿ ಬಾಟಲಿ ಸಿಕ್ಕಿತ್ತು. ಕುಡಿದು ಆಯ ತಪ್ಪಿದ ಎಂದು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಅವನ ಅಣ್ಣನೇ ಹೇಳಿದ್ದ. ಅಸಹಜ ಸಾವು ಎಂದು ದಾಖಲಾದ ಆ ಕಾಗದಕ್ಕೆ ಇನ್‌ಸ್ಪೆಕ್ಟರ್ ಸಹಿ ಹಾಕಿದ್ದರು.

"ಯಾರ ಮೇಲೆ ದೂರಮ್ಮ?"

"ಯಾರ ಮೇಲೂ ಇಲ್ಲ ಸಾರ್. ಅವರು ಕುಡೀತಿರಲಿಲ್ಲ. ಬೀದೀಲಿ ಕುಡುಕನ ಮಗಳು ಅಂದ್ರಂತೆ, ಮಗು ಮನೆಗೆ ಬಂದು ಕೇಳ್ತು. ಸತ್ತವರು ವಾಪಸ್ ಬರಲ್ಲ. ಆ ಮಾತೊಂದು ಕಾಗದದಿಂದ ತೆಗೆಸಿ."

ಇನ್‌ಸ್ಪೆಕ್ಟರ್ ಶವಪರೀಕ್ಷೆ ಮಾಡಿದ ವೈದ್ಯರಿಗೆ ಫೋನ್ ಮಾಡಿದರು. ರಕ್ತದ ವರದಿ ಬರಬೇಕಿತ್ತು. ಹೊಟ್ಟೆಯಲ್ಲಂತೂ ಮದ್ಯದ ವಾಸನೆ ಇರಲಿಲ್ಲ. "ಸೋಮವಾರವೇ ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ" ಎಂದರು ವೈದ್ಯರು.

ಮಧ್ಯಾಹ್ನ 2.15ಕ್ಕೆ ಕಾವಲುಗಾರನನ್ನೂ ನಲ್ಲಿ ರಿಪೇರಿಯವನನ್ನೂ ಪಂಚರಾಗಿಟ್ಟುಕೊಂಡು ತಾರಸಿಯ ಮೇಲೆ ಮತ್ತೆ ಪಂಚನಾಮೆ ನಡೆಯಿತು. ಬಣ್ಣದವನು ಕೂರುವ ತೂಗುಹಲಗೆಯ ಹಗ್ಗವನ್ನು ನೀರಿನ ತೊಟ್ಟಿಯ ಕಂಬಕ್ಕೆ ಎರಡು ಸುತ್ತು ಹಾಕಿ ಕಟ್ಟುತ್ತಾರೆ. ಹಲಗೆ ಇಳಿಸಬೇಕಾದಾಗ ಮೇಲಿನವನು ಗಂಟು ಬಿಚ್ಚಿ, ಒಂದು ಸುತ್ತು ತೆಗೆದು, ಉಳಿದ ಸುತ್ತಿನ ಬಿಗಿಯಲ್ಲಿ ಹಗ್ಗವನ್ನು ಕೈಯಿಂದ ಬಿಡುತ್ತಾನೆ. ಅಷ್ಟು ಹೊತ್ತು ಕೆಳಗಿನವನ ಜೀವ ಆ ಎರಡು ಕೈಯಲ್ಲಿ. ಹಗ್ಗ ಹರಿದಿರಲಿಲ್ಲ. ಕಂಬದ ಬುಡದಲ್ಲಿ ಸಿಮೆಂಟ್ ಧೂಳಿನ ನಡುವೆ ಮೊರದಗಲ ಜಾಗ ಮಾತ್ರ ತೊಳೆದಂತಿತ್ತು. ಪಕ್ಕದ ಮಳೆನೀರು ಹೋಗುವ ಕಿಂಡಿಯಲ್ಲಿ ವಾಂತಿ ಒಣಗಿತ್ತು.

ಎದುರು ರಸ್ತೆಯ ಮದ್ಯದಂಗಡಿಯವನು ಬಾಟಲಿ ಗುರುತಿಸಿದ. "ಸೋಮವಾರದ ಮೊದಲ ಬೋಣಿ ಸಾರ್. ಒಬ್ಬ ಕೆನ್ನೆ ಊದಿಸಿಕೊಂಡು ಬಂದಿದ್ದ. ಬಾಯಿ ಬಿಡೋಕಾಗದೆ ಬೆರಳು ತೋರಿಸಿ ತಗೊಂಡ."

ಸಂಜೆ 4.30ಕ್ಕೆ ಅಣ್ಣನ ಮನೆ. ಅವನ ಎಡಗೆನ್ನೆ ಇನ್ನೂ ಊದಿತ್ತು.

"ಹಗ್ಗ ಯಾರ ಕೈಲಿತ್ತು?"

"ನನ್ನ ಕೈಲಿ."

"ಹೇಗೆ ಜಾರಿತು?"

"ಅವನು ಅಲ್ಲಾಡಿದ. ಕುಡಿದಿದ್ದ."

"ಕೆನ್ನೆಗೇನಾಗಿದೆ?"

"ಹಲ್ಲು. ಕೀವು ತುಂಬಿದೆ."

"ಔಷಧಿ?"

ಅವನು ಮಾತ್ರೆಯ ಲಕೋಟೆ ಕೊಟ್ಟ. ಔಷಧಿ ಅಂಗಡಿಯವರು ಅದರ ಮೇಲೆ ಬಾಟಲಿಯ ಚಿತ್ರ ಬರೆದು ಅಡ್ಡಗೀಟು ಎಳೆದಿದ್ದರು. ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಅದನ್ನು ತಿರುಗಿಸಿ ನೋಡಿದರು.

"ಈ ಮಾತ್ರೆ ನಂಗೊತ್ತು ಸಾರ್. ಇದರ ಮೇಲೆ ಒಂದು ಪೆಗ್ ಹಾಕಿ ಬಾಮೈದನ ಮದುವೆಗೆ ಹೋಗಿದ್ದೆ. ಫೋಟೋಲೆಲ್ಲ ನನ್ನ ಬೆನ್ನೇ ಇದೆ. ವಾಂತಿ ಅಂದ್ರೆ ಕರುಳೇ ಕಿತ್ತು ಬರೋ ಹಾಗೆ."

ಅಣ್ಣ ನಗಲಿಲ್ಲ.

"ತಾರಸಿ ಮೇಲೆ ವಾಂತಿ ಮಾಡಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಬಿಟ್ಟು ನಾಲ್ಕು ತಿಂಗಳಾಗಿತ್ತು ಸಾರ್. 'ನೀನು ಕುಡಿಯೋದು ಬಿಟ್ರೇನೇ ನಾನು ನಿನ್ನ ಹಗ್ಗಕ್ಕೆ ಜೋತು ಬೀಳೋದು' ಅಂದಿದ್ದ ತಮ್ಮ. ಅವನ ಹೆಂಡತೀನೂ ನನ್ನ ನಂಬಿ ಕಳಿಸ್ತಿದ್ದಳು."

"ಮತ್ತೆ?"

"ಮಾತ್ರೆ ತಗೊಂಡ್ರೂ ನೋವು ಇಳೀಲಿಲ್ಲ. ಹಲ್ಲಿನ ಮೇಲೆ ಒಂದು ಗುಟುಕು ಹಿಡಿದು ಉಗಿದ್ರೆ ಮರಗಟ್ಟುತ್ತೆ ಅಂತ ತಂದೆ. ಬಾಯಿಗೆ ಹಾಕ್ಕೊಂಡೆ. ಉಗಿಯೋಕೆ ಮನಸ್ಸು ಬರಲಿಲ್ಲ, ಅರ್ಧ ಬಾಟಲಿ ಒಳಗೆ ಹೋಯ್ತು."

"ಆಮೇಲೆ?"

"ಮುಖ ಉರೀತು, ಎದೆ ಡವಡವ ಅಂತು. 'ಒಂದು ಮೊಳ ಬಿಡಣ್ಣ' ಅಂದ. ಸುತ್ತು ಬಿಚ್ಚಿದೆ. ಹೊಟ್ಟೆ ತೊಳಸಿ ಬಂತು. ಕೈ ಬಾಯಿಗೆ ಹೋಯ್ತು."

"ಒಂದು ಕೈಯಾ?"

"ಎರಡೂ."

5.50ಕ್ಕೆ ಅಣ್ಣನ ಹಲ್ಲು ನೋಡಿದ್ದ ದಂತವೈದ್ಯೆ ಹೇಳಿಕೆ ಕೊಟ್ಟರು: ಆ ಮಾತ್ರೆಯೊಂದಿಗೆ ಮದ್ಯ ಸೇರಿದರೆ ಕೆಲವರಿಗೆ ಹೀಗಾಗುತ್ತದೆ, ಕುಡಿಯಬೇಡ ಎಂದು ನಾನು ಎರಡು ಸಲ ಹೇಳಿದ್ದೆ. 6.40ಕ್ಕೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಸಾವು, ಬಾಟಲಿಯನ್ನು ತಮ್ಮನ ಚೀಲಕ್ಕೆ ಹಾಕಿ ಸಾಕ್ಷ್ಯ ತಿರುಚಿದ್ದು. ಅಣ್ಣನನ್ನು ಬಂಧಿಸಲಾಯಿತು.

ಹೆಂಡತಿಯನ್ನು ಕರೆಸಿ ಇನ್‌ಸ್ಪೆಕ್ಟರ್ ತಾವೇ ಎಫ್‌ಐಆರ್ ಓದಿ ಹೇಳಿದರು. "ಮೊದಲಿನದು ನಮ್ಮ ತಪ್ಪಮ್ಮ" ಎಂದರು. ಅವಳು ಪ್ರತಿಯನ್ನು ನಾಲ್ಕಾಗಿ ಮಡಚಿಕೊಂಡಳು. ಅಣ್ಣ ಕುಳಿತಿದ್ದ ಬೆಂಚಿನ ಹತ್ತಿರ ನಿಂತಳು.

"ನನಗೆ ಹೇಳಬಹುದಿತ್ತು ಭಾವ."

"ಯಾವ ಮುಖ ಇಟ್ಕೊಂಡು ಹೇಳಲಮ್ಮ."

"ಅದಕ್ಕೆ ಅವರ ಮುಖಕ್ಕೆ ಮಸಿ ಬಳಿದ್ರಾ?"

ಅವಳು ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಅಣ್ಣನಿಗೆ ಅವನ ಹೇಳಿಕೆಯನ್ನು ಓದಿ ಹೇಳಿದರು. ಸೇರಿಸುವುದೇನಾದರೂ ಇದೆಯೇ ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಅವನು ಬಿದ್ದ ಸದ್ದು ಕೇಳಿಸ್ತು. ನಾನು ಕೆಳಗೆ ಓಡಲಿಲ್ಲ ಸಾರ್. ಮೊದಲು ಬಾಯಿ ತೊಳಕೊಂಡೆ."

ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿ ಹಿಡಿದು ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಬರೀರಿ" ಎಂದ ಅಣ್ಣ.