ಖಾರಘರದ ಸೆಖೆಗೊಂದು ಹೀಟರ್

“ಹೀಟರಾ? ಈ ಮುಂಬಯಿ ಸೆಖೆಗೆ?!”

ಜ್ಯೋತ್ಸ್ನಾ ನಕ್ಕೇಬಿಟ್ಟಳು. ಎದುರಿಗೆ ನಿಂತವನ ಮುಖ ಕೆಂಪೇರಿದ್ದು ಕಂಡು ತಕ್ಷಣ ತುಟಿ ಕಚ್ಚಿಕೊಂಡಳು.

ಮುಂಬಯಿ ಪಕ್ಕದ ಠಾಣೆ ಊರಿನ ಮಾಜಿವಾಡಾದಲ್ಲಿ ಅವಳ ಅಪ್ಪ ಮುಂಡಪ್ಪನವರದು, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ. ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗೈ ತಂತಿ ಹಿಡಿಯುತ್ತಿರಲಿಲ್ಲ. ಅಂಗಡಿ ಮುಚ್ಚುವ ಮಾತು ಬಂದಾಗ ಮಗಳು ಅಡ್ಡ ನಿಂತಿದ್ದಳು.

“ಆಯ್ತು, ಈ ತಿಂಗಳು ನೋಡುವ. ನೀನು ಮಾಡಿದ ಒಂದು ಮೋಟರ್ ವಾಪಸ್ ಬಂದ್ರೂ ಬಾಗಿಲು ಹಾಕುದೇ,” ಎಂದಿದ್ದರು ಅಪ್ಪ.

“ನಾನು ಚಿನ್ಮಯ್. ಖಾರಘರದಿಂದ ಬಂದೆ,” ಎನ್ನುತ್ತ ಅವನು ತುಕ್ಕು ಹಿಡಿದ ಮೋಟರನ್ನು ಮೇಜಿನ ಮೇಲಿಟ್ಟ. “ಮೈಸೂರಿನ ನಮ್ಮ ತಾತನ ಮೋರಿಸ್ ಮೈನರ್ ಕಾರಿಂದು ಕಣ್ರೀ. ಹೀಟರ್ ಫ್ಯಾನಿನ ಮೋಟರ್. ರಿಪೇರಿ ಮಾಡಿ… ಆಗೋದಾದ್ರೆ ಮೊದಲಿಗಿಂತ ಜೋರಾಗಿ ಗಾಳಿ ಬರೋ ಹಾಗೆ ಮಾಡಿ.”

“ಎಂತಕ್ಕೆ ಮಾರಾಯ್ರೇ?”

“ಸರಿಹೋದ ಮೇಲೆ ಹೇಳ್ತೀನಿ!”

ತಲೆಗೆ ಹುಳ ಬಿಟ್ಟು ಹೋಗಿಯೇಬಿಟ್ಟ!

ಒಳಗಿನ ಕಾಯಿಲ್ ಸುಟ್ಟು ಕರಕಲಾಗಿತ್ತು. ಜ್ಯೋತ್ಸ್ನಾ ಹಳೆಯ ಕವಚದೊಳಗೆ ಆಯಸ್ಕಾಂತದ ಹೊಸ ಮೋಟರ್ ಕೂರಿಸಿದಳು. ಸಂಜೆಯಾದರೆ ಸಾಕು, ಅವನ ಫೋನು. “ಹೇಗಿದ್ದಾನೆ ನಮ್ಮ ಪೇಶೆಂಟು?” ಮೂರನೆಯ ದಿನ ಫೋನ್ ತಡವಾದಾಗ ಅವಳು ಎರಡೆರಡು ಸಲ ಮೊಬೈಲ್ ನೋಡಿದಳು. ನನಗೇನಾಗಿದೆ?

ಕೊನೆಗೆ ಚಾಲೂ ಮಾಡಿ ನೋಡಿದಳು: ಅಂಗಡಿಯ ರೂಢಿಯಂತೆ ಕೆಂಪು ತಂತಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಫ್ಯಾನ್ ಬೀಸಿದ ರಭಸಕ್ಕೆ ಮೇಜಿನ ಮೇಲಿದ್ದ ಪೇಪರೆಲ್ಲ ಹಾರಿಹೋಯಿತು. ಅಪ್ಪ ಮೂಲೆಯಲ್ಲಿ ಕುಳಿತೇ ತಲೆದೂಗಿದರು.

ಅವನು ಮೋಟರ್ ಒಯ್ದ ಮರುದಿನ, ಭಾನುವಾರ, ಮತ್ತೆ ಫೋನ್ ಬಂತು.

“ಏನ್ರೀ ಇದು? ಗಾಳೀನೇ ಇಲ್ಲ! ಬೇಲಾಪುರದ ಗುಡ್ಡ ಹತ್ತೋವಾಗ ಎಂಜಿನ್ ಕುದ್ದು ನಡುರಸ್ತೇಲೇ ನಿಂತ್ಬಿಡ್ತು. ಅಮ್ಮ ಬೇರೆ ಒಳಗಿದ್ರು. ನಿಮ್ಮನ್ನ ನಂಬಿದ್ದೇ ತಪ್ಪಾಯ್ತು! ನಾಳೆ ವಾಪಸ್ ತಂದುಕೊಡ್ತೀನಿ.”

ಅಪ್ಪನಿಗೂ ಕೇಳಿಸಿತ್ತು. ಅವರು ಅಂಗಡಿಯ ಬೀಗದ ಕೈ ನೋಡಿದರು.

ಜ್ಯೋತ್ಸ್ನಾಳ ಕಣ್ಣು ತುಂಬಿ ಬಂತು. ಆದರೆ ಅಳುವಿಗಿಂತ ದೊಡ್ಡದಾಗಿ ಒಂದೇ ಪ್ರಶ್ನೆ ಕಾಡಿತು… ನನ್ನ ಮೇಜಿನ ಮೇಲೆ ಸರಿ ಇದ್ದದ್ದು ಅಲ್ಲಿ ಹೇಗೆ ಕೆಟ್ಟಿತು?

ಅವನ ವಿಳಾಸ ಕೇಳಿಕೊಂಡು, ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ಭಾನುವಾರದ ಮೆಗಾಬ್ಲಾಕ್ ಕಾಟದಲ್ಲೂ ಲೋಕಲ್ ರೈಲು ಹಿಡಿದು, ಸಂಜೆಯೊಳಗೆ ಖಾರಘರದಲ್ಲಿ ಅವನ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ನಿಂತಿದ್ದಳು. ಚಿನ್ಮಯ್ ಮುಖ ಬಿಗಿದುಕೊಂಡೇ ಎಂಜಿನ್ ಚಾಲೂ ಮಾಡಿ ಹೀಟರ್ ಹಾಕಿದ. ಅವಳು ಟಿಶ್ಯೂ ಪೇಪರಿನ ಚೂರೊಂದನ್ನು ಗಾಳಿ ಬರುವ ಜಾಗಕ್ಕೆ ಹಿಡಿದಳು.

ಹಾರಬೇಕಾದ ಚೂರು ಅಲ್ಲೇ ಅಂಟಿಕೊಂಡಿತು!

“ಒಳಗೆ ಎಳೀತಾ ಉಂಟು… ಫ್ಯಾನ್ ಉಲ್ಟಾ ತಿರುಗ್ತಾ ಉಂಟು!”

ಬಾನೆಟ್ ಎತ್ತಿದಳು. ಬ್ಯಾಟರಿಯ ಪ್ಲಸ್ ತಂತಿ ನೇರ ಕಾರಿನ ಮೈಗೆ ಬಿಗಿದಿತ್ತು.

“ಇದೆಂತ? ಇಲ್ಲಿ ಮೈನಸ್ ಅಲ್ವಾ ಇರಬೇಕಾದ್ದು?”

“ತಾತನ ಕಾಲದಿಂದ ಹೀಗೇ ಇದೆ. ಆಗಿನ ಇಂಗ್ಲಿಷ್ ಕಾರುಗಳೇ ಹಾಗಂತೆ…”

“ಹೇಳ್ಬೇಕಲ್ವಾ! ಹಳೆ ಮೋಟರಿಗೆ ತಂತಿ ಹೇಗೆ ಕೊಟ್ರೂ ಒಂದೇ. ಆಯಸ್ಕಾಂತದ್ದು ಹಾಗಲ್ಲ, ಉಲ್ಟಾ ಕೊಟ್ರೆ ಉಲ್ಟಾ ತಿರುಗ್ತದೆ… ಛೆ, ನಾನಾದ್ರೂ ಕೇಳ್ಬೇಕಿತ್ತು.”

ಮೋಟರಿನ ಎರಡು ತಂತಿ ಅದಲುಬದಲು ಮಾಡಿದಳು. ಭರ್‍ರನೆ ಬಿಸಿಗಾಳಿ ಕಾರಿನೊಳಗೆ ಬಗ್ಗಿದ ಇಬ್ಬರ ಮುಖಕ್ಕೂ ಹೊಡೆಯಿತು.

ಚಿನ್ಮಯ್‌ನ ಮುಖ ಸಣ್ಣದಾಯಿತು. ತಕ್ಷಣ ಅಂಗಡಿಗೆ ಫೋನ್ ಮಾಡಿದ.

“ಮುಂಡಪ್ಪನವರೇ, ಮೋಟರ್ ಸರಿಯಾಗೇ ಇದೆ. ಕಾರಿನ ವಿಷಯ ಹೇಳದೆ ಇದ್ದಿದ್ದು ನನ್ನ ತಪ್ಪು. ವಾಪಸ್ ತರಲ್ಲ.”

ಆ ಕಡೆಯಿಂದ ಅಪ್ಪನ ದನಿ ಕೇಳಿತು. “ಹಾಗಾದ್ರೆ ಅವಳಿಗೆ ಹೇಳಿ… ನಾಳೆ ಬೇಗ ಅಂಗಡಿ ತೆಗೀಲಿಕ್ಕೆ ಉಂಟು ಅಂತ.”

ತಡೆದಿಟ್ಟ ಕಣ್ಣೀರು ಈಗ ಇಳಿದೇಬಿಟ್ಟಿತು. ಜ್ಯೋತ್ಸ್ನಾ ಗ್ರೀಸಿನ ಕೈಯಲ್ಲೇ ಒರೆಸಿಕೊಂಡಳು.

“ಈಗಾದ್ರೂ ಹೇಳಿ. ಹೀಟರ್ ಎಂತಕ್ಕೆ?”

“ಘಾಟಿ ಹತ್ತೋವಾಗ ಎಂಜಿನ್ ಕುದಿಯತ್ತೆ. ಹೀಟರ್ ಹಾಕಿದ್ರೆ ಅದರ ಬಿಸಿ ನಮ್ಮ ಕಡೆ ಬಂದು ಕಾರು ಬಚಾವಾಗತ್ತೆ. ತಾತ ಹಾಗೇ ಬೆವರು ಸುರಿಸ್ಕೊಂಡು ಘಾಟಿ ಹತ್ತಿಸ್ತಿದ್ರು.”

“ಅಬ್ಬಾ!” ಎಂದು ನಕ್ಕ ಅವಳಿಗೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. “ಇಲ್ಲೇ ಪಕ್ಕದ ಕಾಮೋಠೆಯಲ್ಲಿ ವೈಂಡಿಂಗ್ ಅಂಗಡಿ ಇಲ್ವಾ? ಅಷ್ಟು ದೂರ ಮಾಜಿವಾಡಾದವರೆಗೆ ಎಂತಕ್ಕೆ ಬಂದ್ರಿ?”

ಅವನು ಕಿವಿ ಕೆರೆದುಕೊಂಡ.

“ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸ್ಟೇಜಿನ ಫ್ಯಾನ್ ನಿಂತಾಗ, ರೇಷ್ಮೆ ಸೀರೆ ಸೆರಗು ಸಿಕ್ಕಿಸ್ಕೊಂಡು ನೀವೇ ಫ್ಯಾನ್ ಬಿಚ್ಚಿ ಸರಿ ಮಾಡಿದ್ರಲ್ಲ… ಅವತ್ತಿಂದ ಮಾತಾಡ್ಸೋಕೆ ಒಂದು ನೆಪ ಹುಡುಕ್ತಿದ್ದೆ. ಈ ಮೋಟರ್ ಸುಟ್ಟಾಗ ಖುಷಿಯಾಯ್ತು ಕಣ್ರೀ! ಅಂಥವರಿಗೇ ನಂಬಿದ್ದು ತಪ್ಪು ಅಂದ್ಬಿಟ್ಟೆ… ಕ್ಷಮಿಸ್ತೀರಾ? ನೀವಂದ್ರೆ ನಂಗೆ ತುಂಬ ಇಷ್ಟ, ಜ್ಯೋತ್ಸ್ನಾ.”

ಅವಳು ಕಾರಿನ ಬಾಗಿಲು ತೆಗೆದು ಅವನ ಪಕ್ಕದ ಸೀಟಿನಲ್ಲಿ ಕುಳಿತಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

“ಸೆಖೆ ಆಗ್ತಿಲ್ವಾ? ಆಫ್ ಮಾಡ್ಲಾ?”

“ಬೇಡ, ಇರ್ಲಿ,” ಎಂದಳು ಜ್ಯೋತ್ಸ್ನಾ ಮೆಲ್ಲಗೆ. “ಘಾಟಿಗೆ ಹೋಗುವ ಮೊದಲು ನಂಗೂ ಅಭ್ಯಾಸ ಆಗ್ಬೇಕಲ್ವಾ?”