ಬಾವಿಯ ಹಾಡಿಗೆ ಬಂದ ಆನೆಗಳು

"ಹಾಡೋದು ನಿಲ್ಲಿಸಿ... ಹಿಂದೆ ಆನೆ ನಿಂತಿವೆ."

ನಸಿಯೆಕು ಜೀಪಿನಿಂದಲೇ ಪಿಸುದನಿಯಲ್ಲಿ ಎಚ್ಚರಿಸಿದಳು. ಒಣಗಿದ ಹೊಳೆಯ ಮರಳಲ್ಲಿ ತೋಡಿದ ಬಾವಿಯೊಳಗೆ ನಿಂತಿದ್ದವನು ತಿರುಗಿಯೂ ನೋಡಲಿಲ್ಲ.

"ಗೊತ್ತು. ನಾನೇ ಕರೆದಿದ್ದು."



ದನಗಾಹಿಗಳ ಸಂಬೂರು ಸೀಮೆಯಲ್ಲಿ ಒಂದೊಂದು ಮನೆತನದ ಬಾವಿಗೆ ಒಂದೊಂದು ಹಾಡು. ಅದನ್ನು ಕೇಳಿಯೇ ಅವರವರ ದನ ಅವರವರ ಬಾವಿಗೆ ಬರುತ್ತವೆ. ಆದರೆ ಆನೆ? ಹನ್ನೊಂದು ವರ್ಷ ಅಧ್ಯಯನಕ್ಕಾಗಿ ಆನೆಗಳ ಬೆನ್ನು ಹತ್ತಿ, ಕಿವಿಯ ಹರಿದ ಅಂಚು ನೋಡಿಯೇ ನಾನೂರು ಆನೆ ಗುರುತಿಸುತ್ತಿದ್ದವಳು ಇಂಥದ್ದನ್ನು ಕಂಡಿರಲಿಲ್ಲ.

ಹಾಡಿ ಕರೆಯುವವನು ದಂತಗಳ್ಳರಿಗೂ ಕರೆದುಕೊಡಬಲ್ಲ! ಕಳೆದ ತಿಂಗಳಷ್ಟೇ ಗುಡ್ಡದಾಚೆ ಒಂದು ಸಲಗವನ್ನು ಕೊಂದಿದ್ದರು. ಅವಳು ಕಾಡಿನ ಕಾವಲಿನವರಿಗೆ ಹೆಸರು ಕೊಟ್ಟರೆ ಸಾಕು, ಇವನ ಮನೆತನಕ್ಕೆ ಬಾವಿಯೇ ತಪ್ಪುತ್ತದೆ.

ಕೊಡಲೋ, ಬಿಡಲೋ...

ಮೂರು ದಿನ ಪೊದೆಯ ಮರೆಯಲ್ಲಿ ಕೂತು ನೋಡಿದಳು. ಅವನ ಹೆಸರು ಲೆಟಿವಾ. ದನಗಳಿಗೆ ಕುಡಿಸಿದ ಮೇಲೂ ಮತ್ತೆ ಬಾವಿಗಿಳಿದು, ಅದೇ ಹಾಡು ಹಾಡುತ್ತ ಆನೆಗಳಿಗಾಗಿ ಮರದ ಬಾನಿ ತುಂಬಿಸುತ್ತಿದ್ದ. ಆನೆಗಳು ತಾವೇ ಮರಳು ಬಗೆದು ನೀರು ಕುಡಿಯಬಲ್ಲವು. ಇವನಿಗೇಕೆ ಈ ಉಸಾಬರಿ?

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ನೆಟ್ಟಗೆ ಬಾವಿಯಂಚಿಗೆ ಹೋದಳು.

"ಯಾರಿಗೋಸ್ಕರ ಆನೆ ಕರೀತೀರಾ? ನಿಜ ಹೇಳದಿದ್ರೆ ಸಂಜೆಗೆ ಕಾವಲಿನವರ ಕೈಲಿ ನಿಮ್ಮ ಹೆಸರಿರುತ್ತೆ."

ಲೆಟಿವಾನ ಮುಖ ಬಾಡಿತು. "ಆನೆ ಸತ್ತ ಜಾಗದಲ್ಲೂ ಮನುಷ್ಯರಿಗೆ ಇಡೋ ಹಾಗೆ ಹಸಿರು ಸೊಪ್ಪಿಟ್ಟು ಬರೋ ಜನ ನಾವು. ನೀವೂ ನಮ್ಮೋರೇ ಅಲ್ವಾ? ನನ್ನ ಕಳ್ಳ ಅಂದ್ಕೊಂಡ್ರಾ?"

ಅವಳಿಗೆ ನಾಚಿಕೆಯಾಯಿತು. ಆದರೂ ಕುತೂಹಲ ಬಿಡಲಿಲ್ಲ.

"ಹಾಗಾದ್ರೆ ಯಾಕೆ?"

"ಹೋದ ಬೇಸಗೇಲಿ ಆನೆಗಳು ತಾವಾಗೇ ಈ ಬಾನಿಗೆ ಬಂದ್ವು. ಹಿಂದೇನೇ ನಿಮ್ಮ ಜೀಪು ಬಂತು. ಏನೇನೋ ಬರ್ಕೊಂಡ್ರಿ, ಹೋದ್ರಿ. ನನ್ನ ಕಡೆ ನೋಡ್ಲೂ ಇಲ್ಲ..." ಅವನು ತಲೆ ತಗ್ಗಿಸಿದ. "ಆನೆ ಇದ್ದ ಕಡೆ ನೀವು ಬಂದೇ ಬರ್ತೀರಿ ಅಂತ ಆವತ್ತು ಗೊತ್ತಾಯ್ತು."

ನಾನೂರು ಆನೆ ನೆನಪಿದ್ದವಳಿಗೆ ಈ ಮುಖ ಒಮ್ಮೆಯೂ ಕಂಡಿರಲಿಲ್ಲವೇ?

"ಅದಕ್ಕೆ ಆವತ್ತಿಂದ ನೀರು ಎತ್ತಿದ್ರಾ? ಮಾತಾಡಿಸಬಹುದಿತ್ತಲ್ಲ."

"ಆನೆಗಳ ಹಾಗೆ ನನ್ನ ಕಿವಿ ಎಲ್ಲೂ ಹರಿದಿಲ್ಲ. ನೀವು ಗುರುತು ಹಿಡೀತೀರೋ ಇಲ್ವೋ ಅಂತ ಭಯ."

ನಸಿಯೆಕು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

"ಹೆಸರು ಕೊಡಲ್ಲ. ಆದ್ರೆ ನಾಳೆಯಿಂದ ಆನೆಗಳನ್ನ ಕರೀಬೇಡಿ. ಮನುಷ್ಯರ ದನಿಗೆ ಒಗ್ಗಿದ್ರೆ ಒಂದಿನ ಕಳ್ಳರ ಹತ್ರಾನೂ ಹೋಗ್ತವೆ."

"ಮತ್ತೆ... ನಿಮ್ಮನ್ನ ನೋಡೋದು ಹೇಗೆ?"

"ಹೆಣ್ಣು ಕೇಳೋರ ಹಾಗೆ ಸಕ್ಕರೆ, ತಂಬಾಕು ಹಿಡ್ಕೊಂಡು ನಮ್ಮಪ್ಪನ ಹತ್ರ ಬನ್ನಿ."

"ಅವರು ಒಪ್ತಾರಾ?"

"ಅವರನ್ನ ಒಪ್ಪಿಸೋದು ನಿಮಗೆ ಬಿಟ್ಟಿದ್ದು," ಎಂದಳು ಮೆಲ್ಲಗೆ. "ನಾನಂತೂ ಒಪ್ಪಿಯಾಯ್ತು."